ಕೌಂಟ್‌ಡೌನ್: ಕೋಟಿ ಇಲ್ಲ, ಕಾರಿಲ್ಲ, ಗೆದ್ದರೆ ಒಂದು ಟೀ ಪಾಟ್

25, 50, 75, 100, 3, 6. ಈ ಆರು ಸಂಖ್ಯೆಗಳನ್ನ ಕೂಡಿಸಿ, ಕಳೆದು, ಗುಣಿಸಿ, ಭಾಗಿಸಿ, ಏನಾದ್ರೂ ಮಾಡಿ 952 ತರಬೇಕು. ಒಂದು ಸಂಖ್ಯೆಯನ್ನ ಒಂದೇ ಸಲ ಬಳಸಬಹುದು. ಕ್ಯಾಲ್ಕುಲೇಟರ್ ಇಲ್ಲ. ಇರೋದು 30 ಸೆಕೆಂಡ್.

1997ರಲ್ಲಿ ಬ್ರಿಟನ್ನಿನ ಚಾನೆಲ್ 4 ವಾಹಿನಿಯ ‘ಕೌಂಟ್‌ಡೌನ್’ ಕಾರ್ಯಕ್ರಮದಲ್ಲಿ ಒಬ್ಬ ಸ್ಪರ್ಧಿಯ ಮುಂದೆ ಬಂದ ಲೆಕ್ಕ ಇದು. ಆತ 100ಕ್ಕೆ 6 ಕೂಡಿಸಿದ, 106. ಅದನ್ನ 3ರಿಂದ ಗುಣಿಸಿದ, 318. ಅದನ್ನ 75ರಿಂದ ಗುಣಿಸಿದಾಗ 23,850. ಇಷ್ಟು ಹೊತ್ತಿಗೆ ಸ್ಟುಡಿಯೋದಲ್ಲಿದ್ದವರಿಗೆಲ್ಲ ನಗು ಬರೋಕೆ ಶುರುವಾಗಿತ್ತು. 952 ತಾ ಅಂದ್ರೆ ಇಪ್ಪತ್ಮೂರು ಸಾವಿರಕ್ಕೆ ಹೋಗಿ ಕೂತಿದಾನಲ್ಲ ಅಂತ. ಆತ 50 ಕಳೆದ, 23,800. ಕೊನೆಗೆ 25ರಿಂದ ಭಾಗಿಸಿದ. 952.

ಇದು ಮ್ಯಾಜಿಕ್ ಅಲ್ಲ. 75ನ್ನ 25ರಿಂದ ಭಾಗಿಸಿದರೆ 3. ಅಲ್ಲಿಗೆ 106 × 3 × 3 ಅಂದ್ರೆ 954. ಅದರಲ್ಲಿ 2 ಕಳೆಯಬೇಕು, 50ನ್ನ 25ರಿಂದ ಭಾಗಿಸಿದರೆ ಆ 2 ಸಿಗುತ್ತೆ. ಆದರೆ ಎರಡೂ ಕಡೆ 25 ಬೇಕು, ಇರೋದು ಒಂದೇ 25. ಹಾಗಾಗಿ ಭಾಗಾಕಾರವನ್ನ ಕೊನೆವರೆಗೂ ಮುಂದೂಡಿ, ಎರಡೂ ಕಡೆಗೆ ಸೇರಿಸಿ ಒಂದೇ ಸಲ ಮಾಡಿದ್ದು. ಶಾಲೆಯಲ್ಲಿ ಭಿನ್ನರಾಶಿ ಕಳೆಯುವಾಗ ಛೇದ ಒಂದೇ ಇಟ್ಟುಕೊಳ್ಳಿ ಅಂತ ಮೇಷ್ಟ್ರು ಹೇಳಿಕೊಟ್ಟದ್ದೇ ಇದು. ನಮ್ಮಲ್ಲಿ ಹೆಚ್ಚಿನವರು ಅದನ್ನ ಪರೀಕ್ಷೆ ಮುಗಿದ ದಿನವೇ ಮರೆತಿದ್ವಿ, ಅಷ್ಟೇ.

ಇಷ್ಟು ಕಷ್ಟದ ಆಟ ಗೆದ್ದವರಿಗೆ ಸಿಗೋ ಬಹುಮಾನ ಒಂದು ಟೀ ಪಾಟ್. ಇಂಥ ಕಾರ್ಯಕ್ರಮ 40 ವರ್ಷ ದಾಟಿ ನಡೀತಿದೆ. ಅದು ಹೇಗೆ ಬಂತು, ಹೇಗೆ ಉಳೀತು ಅನ್ನೋದರಲ್ಲಿ ಟಿವಿ ಯಾರದು, ಪದ ಯಾರದು ಅನ್ನೋ ಪ್ರಶ್ನೆಗಳೂ ಇವೆ.

ಆಟ ಹೇಗೆ?

ಇಬ್ಬರು ಸ್ಪರ್ಧಿಗಳು. ಒಟ್ಟು 15 ಸುತ್ತು. 10 ಅಕ್ಷರದ್ದು, 4 ಸಂಖ್ಯೆಯದ್ದು, ಕೊನೆಯದು ‘ಕೊನಂಡ್ರಮ್’.

ಅಕ್ಷರದ ಸುತ್ತಿನಲ್ಲಿ ಸ್ಪರ್ಧಿ ‘ಸ್ವರ ಕೊಡಿ’, ‘ವ್ಯಂಜನ ಕೊಡಿ’ ಅಂತ ಕೇಳುತ್ತಾ ಹೋಗಬೇಕು. ಯಾವ ಸ್ವರ, ಯಾವ ವ್ಯಂಜನ ಬರುತ್ತೆ ಅನ್ನೋದು ಅದೃಷ್ಟ. ಒಂಬತ್ತು ಅಕ್ಷರ ತುಂಬಿದ ಮೇಲೆ ಗಡಿಯಾರ ಓಡುತ್ತೆ. ಅಷ್ಟರಲ್ಲಿ ಆದಷ್ಟು ಉದ್ದದ ಇಂಗ್ಲಿಷ್ ಪದ ಹುಡುಕಬೇಕು. ಉದಾಹರಣೆಗೆ ಎಸ್, ಟಿ, ಆರ್, ಎ, ಐ, ಎನ್, ಇ, ಡಿ, ಎಲ್ ಬಂದವು ಅನ್ನಿ. ಮೊದಲು ಕಣ್ಣಿಗೆ ಬೀಳೋದು ‘ಟ್ರೇನ್’, ಐದು ಅಕ್ಷರ, ಐದು ಅಂಕ. ಸ್ವಲ್ಪ ಹುಡುಕಿದವರಿಗೆ ‘ಟ್ರೇನ್ಡ್’, ಏಳು. ಅದರ ಹಿಂದೆ ಒಂದು ಎಸ್ ಅಂಟಿಸಿದವರಿಗೆ ‘ಸ್ಟ್ರೇನ್ಡ್’, ಎಂಟು. ಒಂಬತ್ತೂ ಅಕ್ಷರ ಬಳಸಿದರೆ ಒಂಬತ್ತಲ್ಲ, ಅದರ ಎರಡರಷ್ಟು, 18.

ಹೆಚ್ಚು ಉದ್ದದ ಪದ ಕೊಟ್ಟವರಿಗೆ ಮಾತ್ರ ಅಂಕ, ಸಮ ಆದರೆ ಇಬ್ಬರಿಗೂ. ಹೇಳಿದ ಪದ ನಿಘಂಟಿನಲ್ಲಿ ಇಲ್ಲ ಅಂದ್ರೆ ಸೊನ್ನೆ. ಮೊದಲು ಇಬ್ಬರೂ ‘ನಂದು ಏಳು’, ‘ನಂದು ಎಂಟು’ ಅಂತ ಉದ್ದವನ್ನಷ್ಟೇ ಹೇಳಬೇಕು, ಪದ ಆಮೇಲೆ. ಹಾಗಾಗಿ ಇಲ್ಲಿ ಒಂದು ಸಣ್ಣ ಜೂಜು ಇದೆ. ಎಂಟಕ್ಷರದ ಪದ ಹೊಳೆದಿದೆ, ಆದರೆ ಅದು ನಿಜವಾಗಿ ಇದೆಯಾ ಅನ್ನೋದು ಖಾತ್ರಿ ಇಲ್ಲ. ಖಾತ್ರಿ ಇರೋ ಏಳಕ್ಕೆ ಹೋಗೋದಾ, ಎಂಟು ಅಂದುಬಿಡೋದಾ?

ಸಂಖ್ಯೆಯ ಸುತ್ತಿನಲ್ಲಿ ದೊಡ್ಡವು ನಾಲ್ಕು: 25, 50, 75, 100. ಚಿಕ್ಕವು 1ರಿಂದ 10ರವರೆಗೆ, ತಲಾ ಎರಡು. ಇವುಗಳಿಂದ ಆರು ಬಿಲ್ಲೆ ಆರಿಸಬೇಕು. ಎಷ್ಟು ದೊಡ್ಡವು ಬೇಕು ಅನ್ನೋದು ಸ್ಪರ್ಧಿಯ ಆಯ್ಕೆ. ಆಮೇಲೆ ಯಂತ್ರ ಮೂರಂಕಿಯ ಒಂದು ಗುರಿ ಕೊಡುತ್ತೆ. ಗುರಿ ಮುಟ್ಟಿದರೆ 10 ಅಂಕ, ಐದರೊಳಗಿನ ಅಂತರದಲ್ಲಿ ನಿಂತರೆ 7, ಹತ್ತರೊಳಗೆ ನಿಂತರೆ 5. ನಡುವೆ ಎಲ್ಲೂ ಭಿನ್ನರಾಶಿ ಬರಬಾರದು.

ಕೊನಂಡ್ರಮ್ ಅಂದ್ರೆ ಕಲಸಿಟ್ಟ ಒಂಬತ್ತು ಅಕ್ಷರಗಳ ಒಂದು ಪದ. ಮೊದಲು ಗಂಟೆ ಒತ್ತಿ ಸರಿ ಹೇಳಿದವರಿಗೆ 10 ಅಂಕ. ಅಲ್ಲೀತನಕ ತಣ್ಣಗಿದ್ದ ಆಟ ಇಲ್ಲಿ ಒಂದೇ ಸಲ ಬಿಸಿ ಆಗುತ್ತೆ. ಗಡಿಯಾರದ ಆ 30 ಸೆಕೆಂಡಿನ ಸಂಗೀತ ಅಲನ್ ಹಾಕ್‌ಶಾ ಮಾಡಿದ್ದು. ಬ್ರಿಟನ್ನಿನಲ್ಲಿ ಅದನ್ನ ಗುನುಗಿದರೆ ‘ಬೇಗ ಹೇಳಪ್ಪಾ’ ಅಂತಲೇ ಅರ್ಥ.

ಬೇರು ಫ್ರಾನ್ಸಿನಲ್ಲಿ

ಬ್ರಿಟಿಷರು ಇದನ್ನ ತಮ್ಮದೇ ಅನ್ನೋ ಹಾಗೆ ಪ್ರೀತಿಸ್ತಾರೆ, ಆದರೆ ಆಟ ಅವರದ್ದಲ್ಲ. ಅರ್ಮಾಂ ಜಮ್ಮೋ ಅನ್ನೋ ಫ್ರೆಂಚ್ ಟಿವಿ ನಿರ್ಮಾಪಕ 1965ರಲ್ಲಿ ‘ಅತಿ ಉದ್ದದ ಪದ’ ಅನ್ನೋ ಅರ್ಥದ ಹೆಸರಿಟ್ಟು ಶುರು ಮಾಡಿದ್ದು. ಆಗ ಫ್ರಾನ್ಸಿನಲ್ಲಿ ಟಿವಿ ಅಂದ್ರೆ ಸರ್ಕಾರಿ ಟಿವಿ ಮಾತ್ರ. 1972ರಲ್ಲಿ ಲೆಕ್ಕವೂ ಸೇರಿ ‘ದೆ ಶೀಫ್ರ್ ಎ ದೆ ಲೆತ್ರ್’, ಅಂದ್ರೆ ‘ಅಂಕಿಗಳು ಮತ್ತು ಅಕ್ಷರಗಳು’ ಆಯಿತು. ಅಜ್ಜ, ಮೊಮ್ಮಗಳು ಒಟ್ಟಿಗೆ ಕೂತು ನೋಡುವ ಕಾರ್ಯಕ್ರಮವಾಗಿ ಅಲ್ಲಿ ಅರ್ಧ ಶತಮಾನ ಓಡಿತು. 2024ರಲ್ಲಿ ನಿಲ್ಲಿಸಿದರು.

ಅದೇ 2024ರಲ್ಲಿ ಪಕ್ಕದ ಸ್ಪೇನ್‌ನಲ್ಲಿ ಉಲ್ಟಾ ಆಯಿತು. ತೊಂಬತ್ತರ ದಶಕದಲ್ಲಿ ನಡೆದು ನಿಂತಿದ್ದ ‘ಸಿಫ್ರಾಸ್ ಇ ಲೆತ್ರಾಸ್’ ಅಲ್ಲಿನ ಸಾರ್ವಜನಿಕ ವಾಹಿನಿಯಲ್ಲಿ ಮರಳಿ ಬಂತು. ಆಸ್ಟ್ರೇಲಿಯಾದಲ್ಲಿ 2010ರಿಂದ 2012ರವರೆಗೆ ‘ಲೆಟರ್ಸ್ ಆ್ಯಂಡ್ ನಂಬರ್ಸ್’ ಪ್ರಸಾರ ಮಾಡಿದ್ದು ಎಸ್‌ಬಿಎಸ್, ವಲಸಿಗ ಸಮುದಾಯಗಳಿಗೂ ದನಿ ಕೊಡಬೇಕು ಅಂತ ಹುಟ್ಟಿದ ಸಾರ್ವಜನಿಕ ವಾಹಿನಿ. ಟರ್ಕಿಯಲ್ಲಿ ಇದನ್ನ ತಂದದ್ದು ಸರ್ಕಾರಿ ಟಿಆರ್‌ಟಿ.

ಇಲ್ಲೊಂದು ಸಾಲು ಕಾಣುತ್ತೆ. ಇಷ್ಟು ದೇಶಗಳಲ್ಲೂ ಈ ಆಟಕ್ಕೆ ಜಾಗ ಕೊಟ್ಟಿದ್ದು ಜನರ ದುಡ್ಡಿನ ಅಥವಾ ಜನರ ಒಡೆತನದ ವಾಹಿನಿಗಳು.

ಬ್ರಿಟನ್ನಿನ ಪ್ರಯೋಗ

ಬ್ರಿಟನ್ನಿನ ಕಥೆ ಇನ್ನೂ ವಿಚಿತ್ರ. ಎಲ್ಲವನ್ನೂ ಖಾಸಗಿಯವರಿಗೆ ಮಾರೋಕೆ ಹೊರಟಿದ್ದ ಮಾರ್ಗರೆಟ್ ಥ್ಯಾಚರ್ ಸರ್ಕಾರದ ಕಾಲದಲ್ಲೇ ಚಾನೆಲ್ 4 ಹುಟ್ಟಿದ್ದು. ಒಡೆತನ ಸಾರ್ವಜನಿಕ, ಖರ್ಚಿಗೆ ಜಾಹೀರಾತಿನ ದುಡ್ಡು, ಕಾರ್ಯಕ್ರಮ ಮಾಡೋದು ಹೊರಗಿನ ನಿರ್ಮಾಪಕರು. ಬೇರೆ ವಾಹಿನಿಗಳು ಕಡೆಗಣಿಸಿದ ನೋಡುಗರಿಗೆ, ಹೊಸ ಪ್ರಯೋಗಗಳಿಗೆ ಜಾಗ ಕೊಡಬೇಕು ಅನ್ನೋದು ಕಾನೂನೇ ಹೇರಿದ ಹೊಣೆ. 1982ರ ನವೆಂಬರ್ 2ರಂದು ಸಂಜೆ 4.45ಕ್ಕೆ ವಾಹಿನಿ ಶುರುವಾದಾಗ ಬಂದ ಮೊಟ್ಟಮೊದಲ ಕಾರ್ಯಕ್ರಮವೇ ಕೌಂಟ್‌ಡೌನ್. ಅದನ್ನ ಮಾಡಿಕೊಟ್ಟಿದ್ದು ಲೀಡ್ಸ್ ನಗರದ ಯಾರ್ಕ್‌ಷೈರ್ ಟಿವಿ. ಲಂಡನ್ ಅಲ್ಲ ಅನ್ನೋದೂ ಗಮನಿಸಬೇಕಾದ್ದೇ.

ನಿರೂಪಕ ರಿಚರ್ಡ್ ವೈಟ್ಲಿ ಸ್ಥಳೀಯ ಸುದ್ದಿ ಓದುತ್ತಿದ್ದವರು. ಸಂಜೆ ಇಲ್ಲೂ ಅವರೇ, ಆಮೇಲೆ ಸುದ್ದಿಯಲ್ಲೂ ಅವರೇ. ದಿನಕ್ಕೆ ಎರಡು ಸಲ ಕಾಣಿಸುವ ಆಸಾಮಿ ಅಂತ ಜನ ಅಡ್ಡಹೆಸರು ಇಟ್ಟಿದ್ದರು. ಬಣ್ಣಬಣ್ಣದ ಕೋಟು, ಅದಕ್ಕಿಂತ ಕೆಟ್ಟ ಟೈ, ಕಳಪೆ ಜೋಕು. 2005ರಲ್ಲಿ ತೀರಿಕೊಳ್ಳೋವರೆಗೂ ಅವರೇ ನಡೆಸಿದರು. ಈಗ ಸರಣಿ ಗೆದ್ದವರಿಗೆ ಕೊಡೋ ಟ್ರೋಫಿ ಅವರ ಹೆಸರಿನದ್ದು.

ಬಹುಮಾನದ ವಿಷಯಕ್ಕೆ ಬಂದರೆ, ಒಂದು ಆಟ ಗೆದ್ದರೂ ಕೌಂಟ್‌ಡೌನ್ ಟೀ ಪಾಟ್ ಸಿಗುತ್ತೆ. ಆ ಪಾಟ್‌ಗೆ ಇರೋ ಬೆಲೆ ಏನಂದ್ರೆ ಗೆಲ್ಲದೇ ಅದು ಸಿಗೋದಿಲ್ಲ ಅನ್ನೋದು. ಸತತ ಎಂಟು ಆಟ ಗೆದ್ದವರು ‘ಆಕ್ಟೋಚಾಂಪ್’. ಅವರು ವಿಶ್ರಾಂತಿ ತಗೊಂಡು ಸರಣಿಯ ಅಂತಿಮ ಘಟ್ಟಕ್ಕೆ ಬರಬೇಕು. ಹಿಂದೆ ಸರಣಿ ಗೆದ್ದವರಿಗೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 20 ಸಂಪುಟ ಕೊಡುತ್ತಿದ್ದರು. ಮನೆಯಲ್ಲಿ ಜಾಗ ಎಲ್ಲಿತ್ತೋ!

2022ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರ್ಕಾರ ಚಾನೆಲ್ 4 ಅನ್ನೇ ಮಾರೋದಾಗಿ ಹೇಳಿತು. ನೆಟ್‌ಫ್ಲಿಕ್ಸ್, ಅಮೆಜಾನ್ ಕಾಲದಲ್ಲಿ ಸಾರ್ವಜನಿಕ ಒಡೆತನ ವಾಹಿನಿಯ ಕೈ ಕಟ್ಟುತ್ತೆ ಅನ್ನೋದು ಕೊಟ್ಟ ಕಾರಣ. ವಾಹಿನಿಯವರು, ಸ್ವತಂತ್ರ ನಿರ್ಮಾಪಕರು, ಆಡಳಿತ ಪಕ್ಷದವರೇ ಕೆಲವರು ವಿರೋಧಿಸಿದರು. 2023ರ ಜನವರಿಯಲ್ಲಿ ಸರ್ಕಾರ ಹಿಂದೆ ಸರಿಯಿತು. ಮಾರಿದ್ದರೆ ಕೌಂಟ್‌ಡೌನ್ ನಿಂತೇ ಹೋಗ್ತಿತ್ತು ಅಂತ ಹೇಳೋಕಾಗಲ್ಲ, ಜಾಹೀರಾತಿನ ದುಡ್ಡಿನಲ್ಲೇ ಅದು ಇಷ್ಟು ವರ್ಷ ಬಾಳಿದೆ. ಆದರೆ ಪ್ರತಿ ಮಧ್ಯಾಹ್ನದ ಆ ಹೊತ್ತನ್ನ ನಿವೃತ್ತರಿಗೆ, ವಿದ್ಯಾರ್ಥಿಗಳಿಗೆ, ಮನೆಯಲ್ಲಿ ಹುಷಾರಿಲ್ಲದೆ ಮಲಗಿದವರಿಗೆ ಅಂತ ಬಿಟ್ಟುಕೊಡೋ ಧೈರ್ಯ ಲಾಭವನ್ನಷ್ಟೇ ಎಣಿಸುವ ಒಡೆಯನಿಗೆ ಎಷ್ಟು ದಿನ ಇರುತ್ತೆ?

ಲೆಕ್ಕ ಮಾಡೋ ಹೆಂಗಸು, ಕುರ್ಚಿಯಲ್ಲಿ ಕೂತ ಗಂಡಸು

1982ರ ಮೊದಲ ಕಂತುಗಳನ್ನ ಈಗ ನೋಡಿದರೆ ಕಸಿವಿಸಿ ಆಗುತ್ತೆ. ಅಕ್ಷರದ ಬಿಲ್ಲೆ ಹಾಕೋಕೆ ಒಬ್ಬಾಕೆ, ಸಂಖ್ಯೆ ಆರಿಸೋಕೆ ಇನ್ನೊಬ್ಬಾಕೆ, ಲೆಕ್ಕ ಸರಿ ಇದೆಯಾ ನೋಡೋಕೆ ಬೇರೆ ಇಬ್ಬರು. ಗಂಡಸು ಕೂತು ಮಾತಾಡೋದು, ಹೆಂಗಸರು ನಿಂತು ಒದಗಿಸೋದು. ಲೆಕ್ಕ ನೋಡೋಕೆ ಅಂತ ಬಂದ ಇಬ್ಬರಲ್ಲಿ ಒಬ್ಬರು ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿದ್ದ ಕರೋಲ್ ವೋರ್ಡರ್‌ಮನ್. ಪೇಪರಿನಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದ್ದು ಅವರ ಅಮ್ಮ.

ವರ್ಷಗಳು ಕಳೆದ ಹಾಗೆ ಉಳಿದ ಕೆಲಸಗಳೆಲ್ಲ ವೋರ್ಡರ್‌ಮನ್ ಒಬ್ಬರ ಕೈಗೇ ಬಂದವು. ಆದರೆ ಅದಕ್ಕಿಂತ ದೊಡ್ಡದು, ಸ್ಪರ್ಧಿಗಳಿಬ್ಬರೂ ಕೈಚೆಲ್ಲಿದ ಲೆಕ್ಕವನ್ನ ಬೋರ್ಡಿನ ಮುಂದೆ ನಿಂತು ಬಿಡಿಸಿಬಿಡುವ ಹೆಣ್ಣೊಬ್ಬಳನ್ನ ಇಡೀ ದೇಶ ವಾರಕ್ಕೆ ಐದು ದಿನ ನೋಡಿತು. ಗಣಿತ ಹುಡುಗರ ವಿಷಯ ಅನ್ನೋ ನಂಬಿಕೆ ಅಲ್ಲೂ ಇಲ್ಲಿನಷ್ಟೇ ಗಟ್ಟಿ. ಭಾಷಣ ಮಾಡದೆ ಅದಕ್ಕೆ ಉತ್ತರ ಕೊಡೋದು ಹೀಗೆ. 2008ರಲ್ಲಿ ಸಂಬಳದಲ್ಲಿ ಭಾರೀ ಕಡಿತಕ್ಕೆ ಒಪ್ಪದೆ ಅವರು ಹೊರಗೆ ಬಂದರು. 2009ರಿಂದ ಆ ಜಾಗದಲ್ಲಿರೋದು ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿದ ರೇಚಲ್ ರೈಲಿ. ನಿಘಂಟಿನ ಮೂಲೆಯಲ್ಲಿ 1992ರಿಂದ ನಿಘಂಟುಕಾರ್ತಿ ಸೂಸಿ ಡೆಂಟ್.

ಲೆಕ್ಕದ ತೀರ್ಪು ಹೆಣ್ಣಿನದ್ದು, ಪದದ ತೀರ್ಪು ಹೆಣ್ಣಿನದ್ದು. ಆದ್ರೂ ನಿರೂಪಕರ ಕುರ್ಚಿಗೆ ಹೆಣ್ಣುಮಗಳೊಬ್ಬಳು ಬರೋಕೆ 2021 ಆಯಿತು. ಐದು ಜನ ಗಂಡಸರಾದ ಮೇಲೆ ಬಂದ ಆ್ಯನ್ ರಾಬಿನ್ಸನ್ ಒಂದೇ ವರ್ಷಕ್ಕೆ ಬಿಟ್ಟರು. ಈಗ ಅಲ್ಲಿರೋದು ಕಾಲಿನ್ ಮರ್ರಿ. ವಿಷಯ ಗೊತ್ತಿರೋ ಹೆಂಗಸರು ಪಕ್ಕದಲ್ಲಿ, ಏನೂ ಗೊತ್ತಿಲ್ಲ ಅಂತ ತಮಾಷೆ ಮಾಡ್ಕೊಂಡು ಕೂತ ಗಂಡಸು ನಡುವೆ. ಇಷ್ಟು ಪರಿಚಿತ ದೃಶ್ಯ ಬೇರೆ ಯಾವ ಆಫೀಸಲ್ಲೂ ನೋಡಿಲ್ಲ ಅಂತ ಹೇಳೋ ಹಾಗಿಲ್ಲ.

ನಾವು ತಂದ ಆಟ, ನಮ್ಮಲ್ಲೇ ಇದ್ದ ಆಟ

ಬ್ರಿಟನ್ನಿನ ಇನ್ನೊಂದು ಆಟ ನಮಗೆ ಚೆನ್ನಾಗಿ ಗೊತ್ತು. 1998ರಲ್ಲಿ ಅಲ್ಲಿನ ಖಾಸಗಿ ವಾಹಿನಿ ಐಟಿವಿಯಲ್ಲಿ ಶುರುವಾದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್?’ ಎರಡೇ ವರ್ಷಕ್ಕೆ ‘ಕೌನ್ ಬನೇಗಾ ಕರೋಡ್‌ಪತಿ’ ಆಗಿ ಸ್ಟಾರ್ ಪ್ಲಸ್‌ಗೆ ಬಂತು. 2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ನಡೆಸಿಕೊಟ್ಟರು. 1985ರಲ್ಲಿ ದೂರದರ್ಶನದಲ್ಲಿ ‘ಕ್ವಿಜ್ ಟೈಮ್’ ನಡೆಸಿಕೊಡ್ತಿದ್ದ ಸಿದ್ಧಾರ್ಥ ಬಸು ಅವರೇ 2000ದಲ್ಲಿ ಕೆಬಿಸಿಯ ನಿರ್ಮಾಪಕರು. ಕಾಲೇಜು ಹುಡುಗರ ಕ್ವಿಜ್‌ನಿಂದ ಕೋಟಿ ರೂಪಾಯಿಯ ಕ್ವಿಜ್‌ಗೆ ಭಾರತದ ಟಿವಿ ಹೋದ ದಾರಿ ಒಬ್ಬರ ವೃತ್ತಿಜೀವನದಲ್ಲೇ ಕಾಣುತ್ತೆ.

ಕೆಬಿಸಿಯನ್ನ ಬೈಯೋದು ಸುಲಭ, ಅದು ನನ್ನ ಉದ್ದೇಶ ಅಲ್ಲ. ಸಾಲದಲ್ಲಿರೋ ಮನೆಯಿಂದ ಬಂದ ಒಬ್ಬಾಕೆ ಗೆದ್ದ ದುಡ್ಡಿನಲ್ಲಿ ಸಾಲ ತೀರಿಸಿದರೆ ಅದು ಸಣ್ಣ ವಿಷಯವಲ್ಲ. ಆದರೆ ಅಲ್ಲಿ ನಾವು ನೋಡೋದು ಉತ್ತರವನ್ನಲ್ಲ, ಆಕೆಯ ಬಡತನವನ್ನ. ಕೌಂಟ್‌ಡೌನ್‌ನಲ್ಲಿ ಸ್ಪರ್ಧಿಯ ಕಣ್ಣೀರಿಗೆ ಕ್ಯಾಮೆರಾ ಕಾಯೋದಿಲ್ಲ.

ಹೀಗೆ ನಡೆಯೋ ಕಾರ್ಯಕ್ರಮ ಕನ್ನಡದಲ್ಲೂ ಇದೆ. ದೂರದರ್ಶನ ಚಂದನದಲ್ಲಿ 2002ರಿಂದ ಬರ್ತಿರೋ ‘ಥಟ್ ಅಂತ ಹೇಳಿ’. ನಡೆಸಿಕೊಟ್ಟವರು ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ. ಸಾವಿರಾರು ಕಂತು ದಾಟಿದೆ. ಸರಿ ಉತ್ತರಕ್ಕೆ ಬಹುಮಾನ ಒಂದು ಕನ್ನಡ ಪುಸ್ತಕ. ಲೀಡ್ಸ್‌ನ ಟೀ ಪಾಟ್‌ಗೂ ಚಂದನದ ಪುಸ್ತಕಕ್ಕೂ ಯಾವ ನಂಟೂ ಇಲ್ಲ, ಆಟವೂ ಬೇರೆ. ಆದರೆ ಎರಡೂ ಉಳಿದಿದ್ದು ಟಿಆರ್‌ಪಿಯ ಓಟದಿಂದ ಒಂದು ಹೆಜ್ಜೆ ಆಚೆ ನಿಂತ ವಾಹಿನಿಯಲ್ಲಿ. ದೂರದರ್ಶನದ ಸುದ್ದಿಯ ಬಗ್ಗೆ ನಮಗೆ ಇರೋ ತಕರಾರು ಒಂದಲ್ಲ ಎರಡಲ್ಲ. ಚಂದನದ ಈ ಅರ್ಧ ಗಂಟೆಯನ್ನ ಆ ತಕರಾರಿನ ಜೊತೆ ಕಟ್ಟಿ ಬಿಸಾಡೋಕೆ ಆಗಲ್ಲ.

ಕನ್ನಡದಲ್ಲಿ ಆಡಿದರೆ?

ಸಂಖ್ಯೆಯ ಸುತ್ತಿಗೆ ಭಾಷೆಯ ಹಂಗಿಲ್ಲ, ಇವತ್ತೇ ಹಾಸ್ಟೆಲಲ್ಲಿ ಆಡಬಹುದು. ತೊಡಕು ಇರೋದು ಅಕ್ಷರದ್ದು.

ಇಂಗ್ಲಿಷಿನಲ್ಲಿ ಅಕ್ಷರ ಅಂದ್ರೆ ಬಿಡಿ ಬಿಲ್ಲೆ. ಕನ್ನಡದಲ್ಲಿ ಕಾಗುಣಿತ ಇದೆ, ಒತ್ತಕ್ಷರ ಇದೆ. ಮೇಲೆ ಎಂಟು ಅಂಕ ತಂದ ಅದೇ ‘ಸ್ಟ್ರೇನ್ಡ್’ ಕನ್ನಡ ಲಿಪಿಯಲ್ಲಿ ಬರೆದರೆ ಎರಡೇ ಅಕ್ಷರ. ಹಾಗಾದರೆ ಬಿಲ್ಲೆ ಮೇಲೆ ಏನು ಬರೆಯೋದು? ಇಡೀ ಅಕ್ಷರವನ್ನೇ ಬರೆದರೆ ‘ಕ’ದಿಂದ ‘ಕಃ’ವರೆಗೆ ಎಲ್ಲಾ ವ್ಯಂಜನಕ್ಕೂ ಬಿಲ್ಲೆ ಬೇಕು, ಮೇಲೆ ಒತ್ತುಗಳು. ಡಬ್ಬಿಯಲ್ಲಿ ಹಿಡಿಸಲ್ಲ. ವ್ಯಾಕರಣದಲ್ಲಿ ಹೇಳಿದ ಹಾಗೆ ವರ್ಣಗಳಾಗಿ ಬಿಡಿಸಿದರೆ ಸ್ವಲ್ಪ ದಾರಿ ಕಾಣುತ್ತೆ. ‘ಅಕ್ಷರ’ ಅನ್ನೋ ಪದ ಅ, ಕ್, ಷ್, ಅ, ರ್, ಅ ಆಗುತ್ತೆ, ಆರು ಬಿಲ್ಲೆ. ಆಗ ‘ಸ್ವರ ಕೊಡಿ, ವ್ಯಂಜನ ಕೊಡಿ’ ಅನ್ನೋದು ಇಂಗ್ಲಿಷಿಗಿಂತ ಕನ್ನಡಕ್ಕೇ ಚೆನ್ನಾಗಿ ಹೊಂದುತ್ತೆ. ಫ್ರೆಂಚರು ತಮ್ಮ ಅಕ್ಷರಗಳ ತಲೆ ಮೇಲಿನ ಗುರುತುಗಳನ್ನ ಆಟದಲ್ಲಿ ಲೆಕ್ಕಕ್ಕೇ ತಗೊಳ್ಳಲಿಲ್ಲ. ಹಾಗೆ ನಾವೂ ಹ್ರಸ್ವ ದೀರ್ಘ ಒಂದೇ ಅಂತ ಇಟ್ಟುಕೊಳ್ಳಬಹುದಾ? ನನಗೆ ಒಪ್ಪಿಗೆ ಇಲ್ಲ. ‘ಕಲು’ ಮತ್ತು ‘ಕಾಲು’ ಒಂದೇ ಆದರೆ ಆಟ ಯಾಕೆ?

ಇನ್ನೊಂದು ತೊಡಕು, ನಮ್ಮ ಪದಗಳು ರೈಲಿನ ಬೋಗಿಯ ಹಾಗೆ ಉದ್ದ ಆಗ್ತಾ ಹೋಗುತ್ತವೆ. ಮನೆ, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿಯೂ. ಇವನ್ನೆಲ್ಲ ಬಿಟ್ಟರೆ ಗೆಲ್ಲೋದು ಪ್ರತ್ಯಯ ಅಂಟಿಸೋಕೆ ಬಂದವರು, ಪದ ಗೊತ್ತಿರುವವರಲ್ಲ. ಮೂಲರೂಪ ಮಾತ್ರ ಅಂತ ನಿಯಮ ಮಾಡಬೇಕಾಗುತ್ತೆ.

ಇದೆಲ್ಲ ಬಗೆಹರಿದ ಮೇಲೂ ಉಳಿಯೋ ಪ್ರಶ್ನೆ ಸೂಸಿ ಡೆಂಟ್ ಕೂತಿರೋ ಆ ಮೂಲೆಯದ್ದು. ಕೌಂಟ್‌ಡೌನ್‌ನಲ್ಲಿ ಆಕ್ಸ್‌ಫರ್ಡ್ ನಿಘಂಟು ಹೇಳಿದ್ದೇ ಕೊನೆ. ಸ್ಪರ್ಧಿಯ ಊರಲ್ಲಿ ಎಲ್ಲರೂ ಆಡೋ ಪದವಾದರೂ ಅಲ್ಲಿ ಇಲ್ಲ ಅಂದ್ರೆ ಇಲ್ಲ. ನಿಘಂಟಿನಲ್ಲಿ ಇರೋ ಬೈಗುಳಕ್ಕೆ ಅಂಕ ಸಿಗುತ್ತೆ, ಪ್ರಸಾರದಲ್ಲಿ ಮಾತ್ರ ಕತ್ತರಿ ಬಿದ್ದದ್ದಿದೆ. ನಮ್ಮಲ್ಲಿ ಆ ಜಾಗಕ್ಕೆ ಯಾವ ಪುಸ್ತಕ? ಕಿಟ್ಟೆಲ್ಲರ 1894ರ ನಿಘಂಟು ಕನ್ನಡ–ಇಂಗ್ಲಿಷ್, ಅದೂ ಹಳೆಯದು. ಜಿ. ವೆಂಕಟಸುಬ್ಬಯ್ಯ ಪ್ರಧಾನ ಸಂಪಾದಕರಾಗಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟದ ದೊಡ್ಡ ಕೆಲಸ. ಆದರೆ ಅದು ಹೆಚ್ಚಾಗಿ ಶಾಸನ, ಕಾವ್ಯ, ಗದ್ಯಗಳಿಂದ, ಅಂದ್ರೆ ಬರೆದಿಟ್ಟದ್ದರಿಂದ ಕಟ್ಟಿದ್ದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಪದ ಸೇರಿಸಿದ ‘ಅಲರ್’ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಮುಕ್ತವಾಗಿದೆ, ಮೊಬೈಲಿನಲ್ಲೇ ನೋಡಬಹುದು. ಆಟ ಆಡೋಕೆ ಬಹುಶಃ ಅದೇ ಕೈಗೆಟಕುವಂಥದ್ದು.

ಮಂಡ್ಯದ ಹುಡುಗಿ ‘ವಸಿ’ ಅಂತಾಳೆ, ಧಾರವಾಡದವನು ‘ಛಲೋ’ ಅಂತಾನೆ, ಕಲಬುರಗಿಯವಳು ‘ಜಲ್ದಿ’ ಅಂತಾಳೆ. ಮೂವರೂ ಎಂಟನೇ ಕ್ಲಾಸಲ್ಲಿ ಇವನ್ನೇ ಬರೆದು ಕೆಂಪು ಗೆರೆ ಎಳೆಸಿಕೊಂಡವರು. ಆಟಕ್ಕೆ ಕೂತಾಗ ಗಡಿಯಾರ ಓಡ್ತಿದೆ, ಮೊದಲು ಹೊಳೆಯೋದು ಮನೆಯ ಪದವೇ. ಹಾಳೆ ಮೇಲೆ ಬರೆದು, ಹೇಳೋದಾ ಬೇಡವಾ ಅಂತ ಪೆನ್ನು ಕಚ್ಚಿಕೊಂಡು ಕೂತಿರ್ತಾರೆ. ನಿಘಂಟಿನ ಮೂಲೆಯಲ್ಲಿ ಕೂತವರು ಪುಟ ತಿರುವಬೇಕು.